ಇಳಿಯುವಾಗ ಸಾಲ, ಹತ್ತುವಾಗ ಬಡ್ಡಿ

ಇವತ್ತು ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿರೋ ಇಂಬ್ರೋಸ್ ಕಮರಿಯಲ್ಲಿ ಓಡಿದ ಕಥೆ.

ಬೆಟ್ಟ ಅಂದ್ರೆ ಮೊದಲು ಹತ್ತೋದು, ಆಮೇಲೆ ಇಳಿಯೋದು ಅಲ್ವಾ? ಇಲ್ಲಿ ಉಲ್ಟಾ. ಇಂಬ್ರೋಸ್ ಹಳ್ಳಿಯಿಂದ ಕೋಮಿಟಾದೆಸ್‌ವರೆಗೆ ಸುಮಾರು 8 ಕಿ.ಮೀ. ಇಳಿಜಾರು. ಒಣಗಿದ ಹೊಳೆಯೇ ದಾರಿ, ಕಾಲಿಟ್ಟಲ್ಲೆಲ್ಲ ಕಲ್ಲು ಜಾರುತ್ತೆ. ಒಂದು ಕಡೆಯಂತೂ ಬಂಡೆಗಳ ನಡುವೆ 2 ಮೀಟರ್ ಜಾಗವೂ ಇಲ್ಲ. 1941ರ ಮೇ ಕೊನೆಯಲ್ಲಿ ಕ್ರೀಟ್ ಯುದ್ಧದಲ್ಲಿ ಸೋತ ಮಿತ್ರಪಕ್ಷದ ಸೈನಿಕರು ಹಡಗು ಹಿಡಿಯೋಕೆ ಸ್ಫಾಕಿಯಾ ಕಡೆ ಇಳಿದಿದ್ದು ಇದೇ ಬೆಟ್ಟಗಳಲ್ಲಿ.

ನಾನು ಖುಷಿಯಲ್ಲಿ ಜೋರಾಗಿ ಓಡಿಬಿಟ್ಟೆ. ಕೆಳಗೆ ತಲುಪಿದಾಗ ತೊಡೆ ನಡುಗ್ತಿತ್ತು, ನೀರು ಅರ್ಧ ಲೀಟರ್ ಉಳಿದಿತ್ತು. ಲೂಪ್ ಮುಗಿಸ್ಬೇಕು ಅಂದ್ರೆ ತಿರುವುಗಳ ಡಾಂಬರು ರಸ್ತೆಯಲ್ಲಿ 500 ಮೀಟರ್‌ಗೂ ಹೆಚ್ಚು ಎತ್ತರ ವಾಪಸ್ ಹತ್ತಬೇಕು, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಹತ್ತು ನಿಮಿಷ ಹತ್ತಿದೆ. ಸುಡೋ ಬಿಸಿಲಲ್ಲೂ ಮೈ ಚಳಿ ಚಳಿ ಅನ್ನಿಸ್ತು, ತಲೆ ತಿರುಗ್ತು. ತಿರುಗಿ ಬಂದು ನೆರಳಲ್ಲಿ ಕೂತೆ, ನೀರು ಕುಡಿದೆ, ಟ್ಯಾಕ್ಸಿ ಹತ್ತಿದೆ. ವಾಚ್‌ನಲ್ಲಿ ಲೂಪ್ ಅರ್ಧಕ್ಕೇ ನಿಂತಿದೆ. ಆ ಸ್ಕ್ರೀನ್‌ಶಾಟ್ ನಾನಿನ್ನೂ ಡಿಲೀಟ್ ಮಾಡಿಲ್ಲ.

ನೀವು ಹೋದ್ರೆ ಬೆಳ್ಳಂಬೆಳಗ್ಗೆ ಶುರು ಮಾಡಿ. ಕೆಳಗೆ ಬಾಟಲಿ ತುಂಬಿಸ್ಕೊಂಡೇ ಹತ್ತಿ. ಇಳಿಜಾರಲ್ಲಿ ಸಿಗೋ ವೇಗ ಸಾಲ ಕಣ್ರೀ, ಬಡ್ಡಿ ಹತ್ತುವಾಗ ಕಟ್ಟಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.