ಇಬ್ಬರು ಸೂರ್ಯರ ಪ್ರಶ್ನೆ: ಧರ್ಮಶ್ರದ್ಧೆ ಮತ್ತು ವಿಜ್ಞಾನ

(ಹಾರನಹಳ್ಳಿಯ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಂಗಳ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಶಾಸ್ತ್ರಪಂಡಿತನಲ್ಲ, ಬಹುಕಾಲ ಹಳ್ಳಿಯ ಪ್ರೌಢಶಾಲೆಗಳಲ್ಲಿ ವಿಜ್ಞಾನವನ್ನು ಬೋಧಿಸಿದ ಉಪಾಧ್ಯಾಯ. ಆದುದರಿಂದ ತರಗತಿಯಲ್ಲಿ ನಡೆದ ಒಂದು ಪ್ರಸಂಗದಿಂದಲೇ ಆರಂಭಿಸಲು ಅನುಮತಿ ಬೇಡುತ್ತೇನೆ.

ಒಂದು ದಿನ ಸೌರವ್ಯೂಹದ ಪಾಠ ನಡೆಯುತ್ತಿತ್ತು. ಶ್ರಾವಕರ ಮನೆಯ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಜಂಬೂದ್ವೀಪದಲ್ಲಿ ಇಬ್ಬರು ಸೂರ್ಯರು, ಇಬ್ಬರು ಚಂದ್ರರು ಮೇರುಪರ್ವತವನ್ನು ಸುತ್ತುತ್ತಾರೆಂದು ನಮ್ಮ ತಾತ ಹೇಳಿಕೊಟ್ಟಿದ್ದಾರೆ. ನೀವು ಸೂರ್ಯ ಒಬ್ಬನೇ ಎನ್ನುತ್ತೀರಿ. ಯಾವುದು ನಿಜ?" ಎಂದು ಕೇಳಿದ. ನಾನು, "ಪರೀಕ್ಷೆಯಲ್ಲಿ ಒಬ್ಬನೇ ಎಂದು ಬರಿ, ಬಸದಿಯಲ್ಲಿ ತಾತ ಹೇಳಿದಂತೆ ಕೇಳು" ಎಂದೆ. ತರಗತಿ ನಕ್ಕಿತು. ಆ ಹುಡುಗ ಮಾತ್ರ ನಗಲಿಲ್ಲ. ಸತ್ಯವನ್ನು ಕೇಳಿದವನಿಗೆ ನಾನು ಜಾಣತನವನ್ನು ಕಲಿಸಿದ್ದೆ. ಅಂದು ಕೊಡದೆ ಹೋದ ಉತ್ತರವನ್ನು ಇಂದು ಈ ಸಭೆಯ ಮುಂದಿಡುವುದೇ ನನ್ನ ಉಪನ್ಯಾಸದ ಉದ್ದೇಶ.

ಜಗತ್ತಿಗೆ ಕರ್ತೃವಿಲ್ಲ, ಅದು ಅನಾದಿ ಎಂದು ಜೈನದರ್ಶನ ಹೇಳುವುದರಿಂದ ನಮಗೆ ವಿಜ್ಞಾನದೊಡನೆ ಕಲಹವೇ ಇಲ್ಲವೆಂದು ಹೆಮ್ಮೆಪಡುವವರುಂಟು. ಆ ಹೆಮ್ಮೆ ಅವಸರದ್ದು. ಸೃಷ್ಟಿಕಥೆಯ ವಿಷಯದಲ್ಲಿ ಪಶ್ಚಿಮದ ಧರ್ಮಗಳಿಗೆ ಒದಗಿದ ಸಂಕಟ ನಮಗೆ ಒದಗಲಿಲ್ಲವೆಂಬುದು ದಿಟ. ಆದರೆ ಲೋಕವರ್ಣನೆಯ ವಿಷಯದಲ್ಲಿ ನಮಗೂ ಒಂದು ಸಂಕಟವುಂಟು. ಯತಿವೃಷಭರ 'ತಿಲೋಯಪಣ್ಣತ್ತಿ'ಯೇ ಮೊದಲಾದ ಗ್ರಂಥಗಳಲ್ಲಿ ಭೂಮಿ ಚಪ್ಪಟೆಯಾದ ದ್ವೀಪ-ಸಮುದ್ರಗಳ ವಲಯ, ನಡುವೆ ಮೇರು, ಇಬ್ಬರು ಸೂರ್ಯರು ಸರದಿಯಂತೆ, ಇಂದು ಒಬ್ಬನು, ನಾಳೆ ಇನ್ನೊಬ್ಬನು, ನಮ್ಮ ಕಣ್ಣಿಗೆ ಬೀಳುತ್ತಾರೆ.

ಇದನ್ನು ಮೊದಲು ಆಕ್ಷೇಪಿಸಿದವರು ಪರದೇಶದ ವಿಜ್ಞಾನಿಗಳಲ್ಲ. ಆರನೆಯ ಶತಮಾನದಲ್ಲಿಯೇ ವರಾಹಮಿಹಿರನು 'ಪಂಚಸಿದ್ಧಾಂತಿಕಾ'ದಲ್ಲಿ ಇದನ್ನು ಪ್ರಶ್ನಿಸಿದನು. ಸೂರ್ಯರು ಇಬ್ಬರಾದರೆ ಒಬ್ಬೊಬ್ಬನ ಸುತ್ತು ಮುಗಿಯಲು ಎರಡು ದಿನ ಬೇಕು. ಆದರೆ ಧ್ರುವದಿಂದ ಸೂರ್ಯನವರೆಗೆ ಒಂದು ಗೆರೆಯನ್ನು ಕಲ್ಪಿಸಿಕೊಂಡರೆ ಅದು ಒಂದೇ ಅಹೋರಾತ್ರಿಯಲ್ಲಿ ಸುತ್ತನ್ನು ಮುಗಿಸುತ್ತದೆಯಲ್ಲ, ಎಂಬುದು ಅವನ ಆಕ್ಷೇಪದ ತಿರುಳು. ಎಂದರೆ, ನನ್ನ ಶಿಷ್ಯನ ಪ್ರಶ್ನೆಗೆ ಸುಮಾರು ಸಾವಿರದ ಐನೂರು ವರ್ಷ ವಯಸ್ಸು.

ಇನ್ನು ನಮ್ಮ ಕಾಲಕ್ಕೆ ಬರೋಣ. ೧೯೬೯ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟನು. ೨೦೧೯ರ ಡಿಸೆಂಬರ್ ೨೬ರ ಬೆಳಿಗ್ಗೆ ನಮ್ಮ ನೆರೆಯ ಕೊಡಗಿನಲ್ಲಿ ಸೂರ್ಯಗ್ರಹಣವು ಕಂಕಣಾಕಾರವಾಗಿ ಕಂಡಿತು. ಅದು ಎಷ್ಟು ಹೊತ್ತಿಗೆ ಎಲ್ಲಿ ಕಾಣುವುದೆಂಬುದನ್ನು ಬಹು ಮುಂಚಿತವಾಗಿಯೇ ಲೆಕ್ಕ ಹಾಕಿಟ್ಟಿದ್ದರು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ರ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ಅದನ್ನು ನಡೆಸುತ್ತಿದ್ದ ಕೇಂದ್ರ ಇದ್ದುದು ನಮ್ಮ ಬೆಂಗಳೂರಿನಲ್ಲಿ. ಈ ಗಣನೆಗಳೆಲ್ಲವೂ ಒಬ್ಬ ಸೂರ್ಯ, ಒಬ್ಬ ಚಂದ್ರ, ಗುಂಡಾದ ಭೂಮಿ ಎಂಬ ಆಧಾರದ ಮೇಲೆ ನಿಂತವು. ಅಷ್ಟೇಕೆ, ನಾವು ಮುಹೂರ್ತ ನೋಡುವ ಪಂಚಾಂಗವೂ ಒಬ್ಬನೇ ಸೂರ್ಯನ ಗತಿಯನ್ನು ಎಣಿಸಿ ಬರೆದದ್ದು. ಇಬ್ಬರು ಸೂರ್ಯರನ್ನು ನಂಬಿ, ಒಬ್ಬ ಸೂರ್ಯನ ಲೆಕ್ಕದಲ್ಲಿ ಪ್ರತಿಷ್ಠೆ ಮಾಡುವವರು ನಾವು!

ಈ ಇಕ್ಕಟ್ಟಿನಿಂದ ಪಾರಾಗಲು ನಮ್ಮವರು ಮೂರು ದಾರಿಗಳನ್ನು ಹಿಡಿಯುವುದುಂಟು. ಮೂರೂ ಸರಿಯಲ್ಲವೆಂದು ವಿನಯದಿಂದ ಹೇಳುತ್ತೇನೆ.

ಮೊದಲನೆಯದು, ಕಂಡದ್ದನ್ನೇ ಅಲ್ಲಗಳೆಯುವುದು. ಚಂದ್ರಯಾತ್ರೆಯೇ ಸುಳ್ಳೆಂದು ವಾದಿಸಿದವರಿದ್ದರು. ಇದಕ್ಕೆ ಉತ್ತರ ಹೇಳುವ ಅಗತ್ಯವಿಲ್ಲ.

ಎರಡನೆಯದು, ಸ್ಯಾದ್ವಾದವನ್ನು ಗುರಾಣಿಯಾಗಿ ಹಿಡಿಯುವುದು. "ಒಂದು ನಯದಿಂದ ಸೂರ್ಯ ಒಬ್ಬ, ಇನ್ನೊಂದು ನಯದಿಂದ ಇಬ್ಬರು" ಎಂದುಬಿಟ್ಟರೆ ತಲೆನೋವು ತೀರಿತಲ್ಲವೇ ಎಂಬುದು ಅವರ ಭಾವನೆ. ಅನೇಕಾಂತವು ವಸ್ತುವಿನ ಅನೇಕ ಧರ್ಮಗಳನ್ನು ಕಾಣಲು ಹಚ್ಚಿದ ದೀಪವೇ ಹೊರತು ತಪ್ಪನ್ನು ಬಚ್ಚಿಡುವ ಮುಸುಕಲ್ಲ. ಗಡಿಗೆಯನ್ನು ಮಣ್ಣೆಂದೂ ಹೇಳಬಹುದು, ಗಡಿಗೆಯೆಂದೂ ಹೇಳಬಹುದು. ಅಂಗಳದಲ್ಲಿ ಒಂದೇ ಗಡಿಗೆಯಿರುವಾಗ ಎರಡಿವೆ ಎನ್ನುವುದು ನಯವಲ್ಲ, ಎಣಿಕೆಯ ತಪ್ಪು.

ಮೂರನೆಯದು, ವಿಜ್ಞಾನ ಇಂದು ಹೇಳುವುದೆಲ್ಲವನ್ನೂ ನಮ್ಮವರು ಅಂದೇ ಹೇಳಿದ್ದರೆನ್ನುವುದು. ಪುದ್ಗಲದ ಪರಮಾಣುವೇ ಇಂದಿನ ಅಣುವಿಜ್ಞಾನದ ಪರಮಾಣುವೆಂದೂ, ಗಿಡಗಳು ಪ್ರಚೋದನೆಗೆ ಸ್ಪಂದಿಸುತ್ತವೆಂದು ಜಗದೀಶಚಂದ್ರ ಬೋಸರು ತೋರಿಸಿದ್ದರಿಂದ ಏಕೇಂದ್ರಿಯ ಜೀವದ ತತ್ತ್ವವು ಸಿದ್ಧವಾಯಿತೆಂದೂ ಭಾಷಣ ಮಾಡುವುದನ್ನು ಕೇಳಿದ್ದೇವೆ. ಬೋಸರ ಉಪಕರಣಗಳು ಅಳೆದದ್ದು ಗಿಡದ ಸ್ಪಂದನವನ್ನು, ಆತ್ಮವನ್ನಲ್ಲ. ಜೀವ, ಕರ್ಮ, ಪುನರ್ಜನ್ಮ ಇವು ಶ್ರದ್ಧೆಯ ವಿಷಯಗಳು. ಪ್ರಯೋಗಶಾಲೆಯಲ್ಲಿ ಇವು ಸಾಧಿತವಾಗಿವೆ ಎಂದು ನಾವು ಸಾರಿದರೆ, ಮೊದಲು ಭಂಗವಾಗುವುದು ನಮ್ಮದೇ ಸತ್ಯಾಣುವ್ರತ.

ಹಾಗಾದರೆ ನೇರವಾಗಿ ಒಪ್ಪಿಕೊಳ್ಳೋಣ: ಸೂರ್ಯ ಒಬ್ಬನೇ, ಈ ವಿಷಯದಲ್ಲಿ ಹಳೆಯ ವರ್ಣನೆ ಸರಿಯಲ್ಲ. ಈ ಮಾತು ಹಿರಿಯರ ಎದೆಯಲ್ಲಿ ಯಾವ ಭಯವನ್ನು ಎಬ್ಬಿಸುತ್ತದೆಂಬುದನ್ನು ನಾನು ಬಲ್ಲೆ. "ಸರ್ವಜ್ಞನ ವಾಣಿಯಲ್ಲಿ ಒಂದು ತಪ್ಪಾದರೆ ಉಳಿದದ್ದರ ಗತಿಯೇನು?" ಈ ಭಯ ಹಗುರವಾದದ್ದಲ್ಲ. ಇದಕ್ಕೆ ಸಮಾಧಾನವನ್ನು ನಮ್ಮ ಪರಂಪರೆಯೇ ಕೊಟ್ಟಿದೆ. ಅಂಗಶ್ರುತವು ಕಾಲಕ್ರಮದಲ್ಲಿ ಕ್ಷೀಣಿಸಿತೆಂದು ದಿಗಂಬರ ಆಮ್ನಾಯವೇ ಹೇಳುತ್ತದೆ. ಅಳಿದುಳಿದುದನ್ನಾದರೂ ಕಾಪಾಡಬೇಕೆಂದು ಪುಷ್ಪದಂತ-ಭೂತಬಲಿ ಆಚಾರ್ಯರು 'ಷಟ್ಖಂಡಾಗಮ'ವನ್ನು ರಚಿಸಿದರು. ಅದರ ಮೇಲಿನ ಧವಲಾ ಟೀಕೆಯ ತಾಳೆಗರಿಗಳು ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದುವು. ನಮ್ಮ ಕೈಗೆ ಬಂದದ್ದು ಛದ್ಮಸ್ಥರಾದ ಮನುಷ್ಯರ ನೆನಪು, ಲೇಖನಿ, ಪ್ರತಿಗಳ ಮೂಲಕ ಹಾದುಬಂದದ್ದು. ಹೀಗಿರುವಾಗ ಆಕಾಶದ ಒಂದು ಲೆಕ್ಕ ತಪ್ಪಿದೆ ಎನ್ನುವುದು ಕೇವಲಜ್ಞಾನಿಯನ್ನು ಅಲ್ಲಗಳೆದಂತಲ್ಲ. ನಾವು ಅಲ್ಪಜ್ಞರೆಂದು ಒಪ್ಪಿಕೊಂಡಂತೆ.

ಒಂದು ದೃಷ್ಟಾಂತ ಕೊಡುತ್ತೇನೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಬರೆದರು. ಗ್ರಂಥದ ಆರಂಭದಲ್ಲಿ ಮಹಾವೀರಸ್ವಾಮಿಗೆ ವಂದಿಸಿ, ಮುಂದೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕಂಡುಹಿಡಿಯುವ ಕ್ರಮವನ್ನೂ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನೂ ಹೇಳಿದರು. ಆದರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದೂ ಬರೆದರು. ಇದು ತಪ್ಪು. ಇದಕ್ಕಾಗಿ ಯಾರಾದರೂ ಆಚಾರ್ಯರ ಭಕ್ತಿಯನ್ನು ಸಂದೇಹಿಸಿದರೇ? ಅವರ ಗ್ರಂಥದ ಉಳಿದ ಗಣಿತವನ್ನು ಬಿಸುಟರೇ? ಇಲ್ಲ. ತಪ್ಪನ್ನು ತಿದ್ದಿಕೊಂಡು ವಿದ್ಯೆ ಮುಂದೆ ನಡೆಯಿತು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ನಮ್ಮ ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು ಜಿನಕಥೆಗಳನ್ನು ಬರೆದ ಲೇಖನಿಯಿಂದಲೇ 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನೂ ಬರೆದನು. ಈ ಪೂರ್ವಿಕರಿಗೆ ಲೋಕಜ್ಞಾನವು ಧರ್ಮದ ಶತ್ರುವಾಗಿ ಕಾಣಲಿಲ್ಲ.

ಪರೀಕ್ಷೆಗೆ ಅಂಜದಿರುವುದು ನಮ್ಮಲ್ಲಿ ಹೊಸದೂ ಅಲ್ಲ. ಸಮಂತಭದ್ರಾಚಾರ್ಯರು 'ಆಪ್ತಮೀಮಾಂಸೆ'ಯನ್ನು ತೆರೆಯುವುದೇ ಒಂದು ಧೀರವಾದ ಮಾತಿನಿಂದ. ದೇವತೆಗಳು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರಾದಿ ವೈಭವ, ಇವು ಮಾಯಾವಿಗಳಲ್ಲಿಯೂ ಕಾಣುತ್ತವೆ. ಇಷ್ಟರಿಂದಲೇ ನೀನು ನಮಗೆ ಪೂಜ್ಯನಲ್ಲ ಎಂದು ಜಿನನಿಗೇ ಹೇಳುವ ಭಾವ ಅಲ್ಲಿದೆ. ಪೂಜ್ಯತೆಗೆ ಅವರು ಹಿಡಿದ ಒರೆಗಲ್ಲು ನಿರ್ದೋಷತೆ ಹಾಗೂ ಯುಕ್ತಿಗೆ ವಿರೋಧವಿಲ್ಲದ ವಚನ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಅಮೂಢದೃಷ್ಟಿಯೂ ಒಂದು. ೧೯೭೬ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿಯನ್ನು ರಚಿಸಿದಾಗ ನಾಡಿನಲ್ಲಿ ದೊಡ್ಡ ವಿವಾದವೇ ಎದ್ದಿತು. ಅದೇ ವರ್ಷದ ೪೨ನೆಯ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಸಂವಿಧಾನದಲ್ಲಿ ಸೇರಿತು. ಸಮಂತಭದ್ರರನ್ನು ಓದಿದವನಿಗೆ ಇವೆರಡೂ ಅಪರಿಚಿತವೆನಿಸಬೇಕಾಗಿಲ್ಲ.

ಇಷ್ಟೆಲ್ಲವನ್ನೂ ವಿಜ್ಞಾನಕ್ಕೆ ಒಪ್ಪಿಸಿದ ಮೇಲೆ ಧರ್ಮಕ್ಕೆ ಉಳಿಯುವುದೇನು ಎಂದು ನೀವು ಕೇಳಬಹುದು. ಇದೇ ನಿಜವಾದ ಪ್ರಶ್ನೆ. ನೀರಿನ ಉದಾಹರಣೆಯಿಂದ ಹೇಳುತ್ತೇನೆ. ನಮ್ಮ ಅಜ್ಜಿಯಂದಿರು ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಮತ್ತೆ ಅದೇ ಬಾವಿಗೆ ಬಿಡುತ್ತಿದ್ದರು. ೨೦೦೩ರಲ್ಲಿ ರೀಟಾ ಕೋಲ್ವೆಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಬಾಂಗ್ಲಾದೇಶದ ೬೫ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಹಳೆಯ ಸೀರೆಯನ್ನು ನಾಲ್ಕು ಪದರವಾದರೂ ಮಡಿಸಿ ನೀರನ್ನು ಸೋಸಿದ ಕಡೆ ಕಾಲರಾ ಶೇಕಡಾ ೪೮ರಷ್ಟು ಇಳಿಯಿತೆಂದು ಅದು ತೋರಿಸಿತು. ರೋಗಾಣುಗಳು ನೀರಿನ ಸೂಕ್ಷ್ಮಜೀವಿಗಳಿಗೆ ಅಂಟಿಕೊಂಡಿರುವುದರಿಂದ ಆ ಜೀವಿಗಳನ್ನು ತಡೆದರೆ ಬಹುಪಾಲು ರೋಗಾಣುಗಳೂ ತಡೆಯಲ್ಪಡುತ್ತವೆ. ಇದನ್ನು ಕೇಳಿ ಸಂತೋಷಪಡೋಣ. ಆದರೆ ಬಟ್ಟೆ ಎಲ್ಲ ರೋಗಾಣುಗಳನ್ನೂ ತಡೆಯುವುದಿಲ್ಲ. ಕುದಿಸಿದ ನೀರೇ ಕ್ಷೇಮವೆಂಬುದನ್ನೂ ವಿಜ್ಞಾನದಿಂದಲೇ ಕಲಿಯೋಣ. ಇನ್ನೊಂದನ್ನು ಗಮನಿಸಿರಿ. ನೀರು ಸೋಸಿದರೆ ಸೋಸಿದವನಿಗೆ ಆಗುವ ಲಾಭವನ್ನು ವಿಜ್ಞಾನ ಅಳೆಯಬಲ್ಲುದು. ಬಟ್ಟೆಯಲ್ಲಿ ಉಳಿದ ಹುಳವನ್ನು ಬಾವಿಗೆ ಮರಳಿ ಬಿಡುವುದರಿಂದ ನಮಗೇನೂ ಲಾಭವಿಲ್ಲ. ಆದರೂ ಬಿಡಬೇಕು ಎನ್ನುವುದು ಯಾವ ಉಪಕರಣವೂ ಹೇಳದ ಮಾತು. ಅದು ದಯೆಯ ಮಾತು. ಧರ್ಮಕ್ಕೆ ಉಳಿಯುವುದು ಅದೇ. ಜಿನನು ವೀತರಾಗ, ವರವನ್ನೂ ಕೊಡನು, ಶಾಪವನ್ನೂ ಕೊಡನು. ಆ ಬಿಂಬದ ಮುಂದೆ ನಿಂತು ನಾವು ಕಲಿಯಬೇಕಾದದ್ದು ಸೂರ್ಯರ ಸಂಖ್ಯೆಯನ್ನಲ್ಲ, ನಮ್ಮ ಕಷಾಯಗಳ ಸಂಖ್ಯೆಯನ್ನು.

ಕೊನೆಯದಾಗಿ ಸ್ವಲ್ಪ ಕಹಿಯಾದ ಮಾತೊಂದನ್ನು ಆಡುತ್ತೇನೆ, ಮನ್ನಿಸಬೇಕು. ಧರ್ಮಕ್ಕೂ ವಿಜ್ಞಾನಕ್ಕೂ ವಿರೋಧವಿದೆಯೇ ಎಂದು ಸಭೆಗಳಲ್ಲಿ ಚರ್ಚಿಸುತ್ತೇವೆ. ಎರಡೂ ಒಂದೇ ಮಾತನ್ನು ಹೇಳುವ ಕಡೆ ನಾವು ಏನು ಮಾಡುತ್ತಿದ್ದೇವೆ? ಪಿರಿಯಾಪಟ್ಟಣ-ಹುಣಸೂರು ಸೀಮೆ ಹೊಗೆಸೊಪ್ಪಿಗೆ ಹೆಸರಾದುದು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ೧೯೫೦ರಲ್ಲಿಯೇ ತೋರಿಸಿದರು. ತಂಬಾಕಿನಿಂದ ವರ್ಷಕ್ಕೆ ೭೦ ಲಕ್ಷಕ್ಕೂ ಮಿಕ್ಕಿ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ಯಾರನ್ನಿನಲ್ಲಿ ಸೊಪ್ಪನ್ನು ಹದಮಾಡಲು ಉರಿಯುವ ಸೌದೆಯ ಲೆಕ್ಕ ಬೇರೆ. ಹಿಂಸೆಗೆ ಆಸ್ಪದವಾಗುವ ವೃತ್ತಿಯಿಂದ ದೂರವಿರೆಂದು ಶ್ರಾವಕಾಚಾರವೂ ಹೇಳುತ್ತದೆ. ಬೇಸಾಯಗಾರನನ್ನು ನಾನು ದೂಷಿಸುತ್ತಿಲ್ಲ. ಮಳೆಯಾಶ್ರಯದ ನೆಲದಲ್ಲಿ ಮಕ್ಕಳ ಓದು, ಮಗಳ ಮದುವೆ ಆ ಬೆಳೆಯ ಹಣದಿಂದಲೇ ನಡೆದುವೆಂಬುದು ನನಗೆ ತಿಳಿಯದ್ದಲ್ಲ. ನನ್ನ ಸಂಬಳಕ್ಕಿಂತ ನಿಮ್ಮ ಬವಣೆ ದೊಡ್ಡದು. ಆದರೂ ಆಕಾಶದ ಇಬ್ಬರು ಸೂರ್ಯರಿಗಾಗಿ ವಾದಿಸುವ ನಾವು, ಕಾಲ ಬುಡದಲ್ಲಿರುವ ಈ ಪ್ರಶ್ನೆಯನ್ನು ಎತ್ತದಿರುವುದು ಶ್ರದ್ಧೆಯೂ ಅಲ್ಲ, ವಿಜ್ಞಾನವೂ ಅಲ್ಲ. ಬೇರೆ ಬೆಳೆಗೆ ದಾರಿ ಹುಡುಕುವುದರಲ್ಲಿ ಎರಡೂ ಕೈಜೋಡಿಸಬೇಕು.

ಆ ಹುಡುಗ ಈಗ ಎಲ್ಲಿರುವನೋ ನಾನರಿಯೆ. ಇಂದು ಅವನು ಈ ಚಪ್ಪರದಲ್ಲಿ ಕುಳಿತಿದ್ದರೆ ಹೀಗೆ ಹೇಳುತ್ತಿದ್ದೆ: "ಮಗು, ಸೂರ್ಯ ಒಬ್ಬನೇ. ಪರೀಕ್ಷೆಯಲ್ಲಿಯೂ ಒಬ್ಬನೇ, ಬಸದಿಯಲ್ಲಿಯೂ ಒಬ್ಬನೇ. ನಿನ್ನ ತಾತ ಸುಳ್ಳು ಹೇಳಲಿಲ್ಲ. ತಾವು ಕೇಳಿದ್ದನ್ನು ಭಕ್ತಿಯಿಂದ ಹೇಳಿದರು. ಅವರು ಕಲಿಸಿದ ಲೆಕ್ಕವನ್ನು ತಿದ್ದಿಕೋ. ಅವರು ಕಲಿಸಿದ ದಯೆಯನ್ನು ಬಿಡಬೇಡ. ಪ್ರಶ್ನೆ ಕೇಳಿದ್ದಕ್ಕೆ ನಿನ್ನ ಶ್ರದ್ಧೆ ಕೆಡಲಿಲ್ಲ. ಉತ್ತರ ಹೇಳದೆ ನಗಿಸಿದ್ದರಿಂದ ನನ್ನ ಉಪಾಧ್ಯಾಯವೃತ್ತಿ ಕೆಟ್ಟಿತು."

ಇಂದು ಪ್ರತಿಷ್ಠೆಗೊಳ್ಳುತ್ತಿರುವ ಈ ಬಸದಿಯಲ್ಲಿ ಮುಂದೆ ಮಕ್ಕಳು ಇಂತಹ ಪ್ರಶ್ನೆಗಳನ್ನು ಅಂಜದೆ ಕೇಳುವಂತಾಗಲಿ. ಹಿರಿಯರು ಅಂಜದೆ ಉತ್ತರಿಸುವಂತಾಗಲಿ. ಹನಸೋಗೆಯ ತ್ರಿಕೂಟ ಬಸದಿಯನ್ನೂ, ಗೊಮ್ಮಟಗಿರಿಯ ಬಾಹುಬಲಿಯನ್ನೂ ನಮಗೆ ಬಿಟ್ಟುಹೋದ ಈ ಸೀಮೆಯ ಪೂರ್ವಿಕರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಅದೇ.