ಒಂದು ಗುರು, ಒಂದು ಲಘು: ಹೃದಯದ ಲಯ ತಪ್ಪುವ ಬಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ವಿಜ್ಞಾನದ ಶಿಕ್ಷಕನಲ್ಲ. ಉರ್ದು ಮತ್ತು ಕನ್ನಡ ಕಲಿಸುವವನು. ಭಾಷೆಯ ಮೇಷ್ಟ್ರಿಗೆ ಹೃದಯದ ವಿದ್ಯುತ್ತಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ಓಟದ ಅಭ್ಯಾಸದಲ್ಲಿ ಒಬ್ಬ ಹುಡುಗಿ ಓಡುತ್ತಿರುವಾಗಲೇ ಕುಸಿದು ಬಿದ್ದಳು. ಅರ್ಧ ನಿಮಿಷದಲ್ಲಿ ಎದ್ದು ಕುಳಿತಳು. "ಬೆಳಿಗ್ಗೆ ಏನೂ ತಿಂದಿರಲಿಕ್ಕಿಲ್ಲ, ಮೇಲೆ ಬಿಸಿಲು" ಎಂದು ಸಮಾಧಾನ ಹೇಳಿ ಮನೆಗೆ ಕಳುಹಿಸಿದೆವು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ಮತ್ತೊಮ್ಮೆ ಬಿದ್ದಾಗ ಆಕೆಯ ತಾಯಿ ಹಠ ಹಿಡಿದು ಇ.ಸಿ.ಜಿ. ಮಾಡಿಸಿದರು. ಹೃದಯದ ವಿದ್ಯುತ್ ಲಯದಲ್ಲಿ ಹುಟ್ಟಿನಿಂದಲೇ ದೋಷವಿರುವುದು ಆಗ ತಿಳಿಯಿತು. ವೈದ್ಯರು ಅದನ್ನು 'ಲಾಂಗ್ ಕ್ಯೂಟಿ' ಎಂದರು. ಇಂದು ಆಕೆ ಔಷಧಿ ತೆಗೆದುಕೊಳ್ಳುತ್ತ ಚೆನ್ನಾಗಿದ್ದಾಳೆ. ಆದರೆ ನನ್ನ ಅಜ್ಞಾನ ನನ್ನನ್ನು ಬಿಡಲಿಲ್ಲ. ಅಂದಿನಿಂದ ಓದಿ, ಕೇಳಿ ತಿಳಿದುದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಬಲ ಹೃತ್ಕರ್ಣದಲ್ಲಿರುವ ಒಂದು ಚಿಕ್ಕ ಗಂಟಿನಿಂದ ವಿದ್ಯುತ್ ಅಲೆ ಹೊರಡುತ್ತದೆ. ಈ ಗಂಟನ್ನು ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬ ಇಬ್ಬರು 1907ರಲ್ಲಿ ವಿವರಿಸಿದರು. ಅಲೆ ತಲುಪಿದಾಗ ಸ್ನಾಯುವಿನ ಪ್ರತಿಯೊಂದು ಜೀವಕೋಶವೂ ಕ್ಷಣಕಾಲ ಉದ್ರೇಕಗೊಂಡು ಸಂಕುಚಿಸುತ್ತದೆ. ಬಳಿಕ ವಿಶ್ರಾಂತಿ ಪಡೆದು ಮುಂದಿನ ಅಲೆಗೆ ಸಿದ್ಧವಾಗುತ್ತದೆ. ಹೃತ್ಕುಕ್ಷಿಗಳು ಹೀಗೆ ವಿಶ್ರಾಂತಿಗೆ ಮರಳುವುದನ್ನು ಇ.ಸಿ.ಜಿ. ಕಾಗದದ ಮೇಲೆ 'ಟಿ ಅಲೆ' ತೋರಿಸುತ್ತದೆ.

ವಿದ್ಯಾರ್ಥಿಗಳೇ, ನೀವು ಛಂದಸ್ಸಿನಲ್ಲಿ ಲಘು, ಗುರು ಕಲಿತಿದ್ದೀರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹೃದಯದ ಬಡಿತಗಳು ಹೊರಗಿನಿಂದ ಸಮವಾಗಿ ಕಂಡರೂ ಒಳಗೆ ಕೋಶದ ಉದ್ರೇಕ ಒಮ್ಮೆ ದೀರ್ಘ, ಒಮ್ಮೆ ಹ್ರಸ್ವ, ಮತ್ತೆ ದೀರ್ಘ, ಮತ್ತೆ ಹ್ರಸ್ವ, ಅಂದರೆ ಗುರು-ಲಘು-ಗುರು-ಲಘು ಆಗುವುದುಂಟು. ಇದಕ್ಕೆ ವೈದ್ಯರು 'ಆಲ್ಟರ್ನನ್ಸ್' ಎನ್ನುತ್ತಾರೆ.

ಇದು ಏಕೆ ಆಗುತ್ತದೆ? ಹೃದಯ ಬಹಳ ವೇಗವಾಗಿ ಬಡಿಯುವಾಗ ಎರಡು ಬಡಿತಗಳ ನಡುವೆ ಸಮಯ ಕಡಿಮೆ. ಒಂದು ಉದ್ರೇಕ ದೀರ್ಘವಾದರೆ ವಿಶ್ರಾಂತಿಗೆ ಉಳಿಯುವ ವೇಳೆ ಇನ್ನೂ ಕಡಿಮೆ. ವಿಶ್ರಾಂತಿ ಸಾಲದ ಕೋಶದಲ್ಲಿ ಮುಂದಿನ ಉದ್ರೇಕ ಹ್ರಸ್ವ. ಅದು ಬೇಗ ಮುಗಿದುದರಿಂದ ವಿಶ್ರಾಂತಿ ಹೆಚ್ಚು. ಆದ್ದರಿಂದ ಅದರ ಮುಂದಿನದು ಮತ್ತೆ ದೀರ್ಘ. ಈ ಸರಳ ಲೆಕ್ಕವನ್ನು ನೊಲಾಸ್ಕೊ ಮತ್ತು ಡಾಲೆನ್ 1968ರಲ್ಲಿ ರೇಖಾಚಿತ್ರದ ಮೂಲಕ ತೋರಿಸಿದರು. ಇನ್ನೊಂದು ಕಾರಣ ಕ್ಯಾಲ್ಸಿಯಂ. ಪ್ರತಿ ಬಡಿತಕ್ಕೂ ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬಂದು ಮತ್ತೆ ಒಳಸೇರಬೇಕು. ವೇಗ ಹೆಚ್ಚಾದಾಗ, ಅಥವಾ ಸ್ನಾಯು ದುರ್ಬಲವಾಗಿದ್ದಾಗ, ಈ ಕೆಲಸ ಸಮಯಕ್ಕೆ ಮುಗಿಯದೆ ಒಂದು ಬಡಿತಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಂಬಂತಾಗುತ್ತದೆ. ಥಾಮಸ್ ಲೂಯಿಸ್ 1910ರಲ್ಲೇ ಒಂದು ಮಾತು ಗುರುತಿಸಿದ್ದರು: ಆರೋಗ್ಯವಂತ ಹೃದಯದಲ್ಲಿ ಅತಿ ವೇಗದಿಂದ ಆಲ್ಟರ್ನನ್ಸ್ ಬರಬಹುದು, ಸಾಮಾನ್ಯ ವೇಗದಲ್ಲೇ ಬಂದರೆ ಹೃದಯದಲ್ಲಿ ಗಂಭೀರ ತೊಂದರೆ ಇದೆ.

ಇಲ್ಲಿಯವರೆಗೆ ಅಪಾಯ ದೊಡ್ಡದಲ್ಲ. ಇಡೀ ತರಗತಿ ಒಟ್ಟಿಗೆ ಗುರು, ಒಟ್ಟಿಗೆ ಲಘು ಹೇಳಿದರೆ ಪದ್ಯ ಕೆಡುವುದಿಲ್ಲ. ಅರ್ಧ ತರಗತಿ ಗುರು ಹೇಳುವಾಗ ಉಳಿದರ್ಧ ಲಘು ಹೇಳಿದರೆ? ವೇಗ ಇನ್ನೂ ಹೆಚ್ಚಿದಾಗ, ಅಥವಾ ನಡುವೆ ಒಂದು ಅಕಾಲದ ಬಡಿತ ಬಂದಾಗ, ಹೃದಯದಲ್ಲಿ ಹೀಗೆಯೇ ಆಗುತ್ತದೆ. ಒಂದು ಭಾಗದ ಕೋಶಗಳು ಸಿದ್ಧವಾಗಿರುತ್ತವೆ, ಪಕ್ಕದವು ಇನ್ನೂ ಸಿದ್ಧವಾಗಿರುವುದಿಲ್ಲ. ಹೊಸ ಅಲೆ ಸಿದ್ಧವಿಲ್ಲದ ಕಡೆ ತಡೆದು ನಿಂತು, ಸಿದ್ಧವಿರುವ ಕಡೆಯಿಂದ ಸುತ್ತಿ ಹೋಗಿ, ಹಿಂದಿರುಗಿ ಬಂದು ತನ್ನ ಬಾಲವನ್ನೇ ಹಿಡಿಯುವಂತೆ ತಿರುಗತೊಡಗುತ್ತದೆ. ಆ ಸುಳಿ ಒಡೆದು ಹತ್ತಾರು ಸುಳಿಗಳಾದರೆ ಹೃತ್ಕುಕ್ಷಿಗಳು ಬಡಿಯುವುದನ್ನು ಬಿಟ್ಟು ಬರೀ ಅದುರುತ್ತವೆ. ರಕ್ತ ಮುಂದೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಅಮೆರಿಕದ ರೋಸೆನ್‌ಬಾಮ್ ಮತ್ತು ಸಂಗಡಿಗರು ಈ ಸರಪಳಿಯನ್ನು ಗಿನಿಪಿಗ್ ಹೃದಯದಲ್ಲಿ ಹಂತ ಹಂತವಾಗಿ ದಾಖಲಿಸಿ 1999ರಲ್ಲಿ ಪ್ರಕಟಿಸಿದರು.

ಈ ಗುರು-ಲಘು ಭೇದ ಮೈಕ್ರೋವೋಲ್ಟ್‌ಗಳಷ್ಟು, ಅಂದರೆ ವೋಲ್ಟಿನ ಹತ್ತು ಲಕ್ಷದ ಭಾಗಗಳಷ್ಟು, ಸಣ್ಣದಾಗಿರಬಹುದು. ಕಣ್ಣಿಗೆ ಕಾಣದ ಅದನ್ನು ಕಂಪ್ಯೂಟರ್ ಅಳೆಯಬಲ್ಲದು. ಇಂಥ ಅಳತೆಗೂ ಅಪಾಯಕಾರಿ ಲಯದೋಷಕ್ಕೂ ಸಂಬಂಧವಿದೆಯೆಂದು 1994ರ ಒಂದು ಅಧ್ಯಯನ ತೋರಿಸಿದಾಗ ಬಹಳ ಆಸೆ ಹುಟ್ಟಿತ್ತು. ಆದರೆ ಮುಂದಿನ ಕೆಲವು ಅಧ್ಯಯನಗಳಲ್ಲಿ ಪರೀಕ್ಷೆ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಆದ್ದರಿಂದ ವೈದ್ಯರು ಇದೊಂದನ್ನೇ ನಂಬಿ ತೀರ್ಮಾನಿಸುವುದಿಲ್ಲ. ಲಾಂಗ್ ಕ್ಯೂಟಿ ಇರುವವರಲ್ಲಿ ಮಾತ್ರ ಕೆಲವೊಮ್ಮೆ ಟಿ ಅಲೆಯ ಏರಿಳಿತ ಕಣ್ಣಿಗೇ ಕಾಣುವಷ್ಟು ದೊಡ್ಡದಿರುತ್ತದೆ. ಅದು ಎಚ್ಚರಿಕೆಯ ಗಂಟೆ.

ಪಾಲಕರೇ, ಶಿಕ್ಷಕ ಮಿತ್ರರೇ, ನಮ್ಮ ಪಾಲಿನ ಕೆಲಸ ಇಷ್ಟೇ. ಮಗು ಓಡುವಾಗ, ಈಜುವಾಗ ಅಥವಾ ದಿಢೀರನೆ ಬೆಚ್ಚಿಬಿದ್ದಾಗ ಮೂರ್ಛೆ ಹೋದರೆ "ಬಿಸಿಲು" ಎಂದು ಸುಮ್ಮನಾಗಬೇಡಿ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ವೈದ್ಯರಿಗೆ ಹೇಳಿ. ಇ.ಸಿ.ಜಿ.ಗೆ ಕೆಲವೇ ನಿಮಿಷ ಸಾಕು.

ಯಾರಾದರೂ ಕುಸಿದು, ಎಬ್ಬಿಸಿದರೂ ಏಳದೆ, ಸರಿಯಾಗಿ ಉಸಿರಾಡದಿದ್ದರೆ ನೀರು ಚಿಮುಕಿಸುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಾದರೆ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ಬಲವಾಗಿ ಒತ್ತುತ್ತಿರಿ. ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಸಿಕ್ಕರೆ ಕೂಡಲೇ ಬಳಸಿ. ಫುಟ್‌ಬಾಲ್ ನೋಡುವ ಹುಡುಗರಿಗೆ ನೆನಪಿರಬಹುದು: 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ಬಿದ್ದರು, ಹೃದಯ ಸ್ತಬ್ಧವಾಗಿತ್ತು. ಇದೇ ಎರಡು ಉಪಾಯಗಳಿಂದ ಬದುಕಿ, 2022ರಲ್ಲಿ ಮತ್ತೆ ಆಡಿದರು.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಕ್ರೀಡಾಕೂಟಕ್ಕೆ ಮುಂಚೆ ಶಿಕ್ಷಕರಿಗೂ ಹಿರಿಯ ವಿದ್ಯಾರ್ಥಿಗಳಿಗೂ ಎದೆ ಒತ್ತುವ ತರಬೇತಿಯನ್ನು ಒಂದು ದಿನ ಏರ್ಪಡಿಸಿ. ಮೊದಲ ಸಾಲಿನಲ್ಲಿ ಕುಳಿತು ಕಲಿಯುವವನು ನಾನೇ ಆಗಿರುತ್ತೇನೆ.