ಕಡಿಮೆ ಅಂಕ ಬಂದವರು ಭೂವಿಜ್ಞಾನದಲ್ಲಿ ಮುಂದೆ ಓದಬಹುದೇ?

(ನಮ್ಮ ಕನ್ನಡ ಕಾರ್ಯಕ್ರಮದ ಶಿಕ್ಷಣ ಮಾರ್ಗದರ್ಶನ ಮಾಲಿಕೆಯಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ನಾಗಪುರ ಜಿಲ್ಲೆಯ ಮೌದಾದಿಂದ ಕನ್ನಡದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಯಜಮಾನರಿಗೆ ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಕೆಲಸ. ಮಗಳು ಭೂವಿಜ್ಞಾನ ತೆಗೆದುಕೊಂಡು ಮೂರು ವರ್ಷದ ಬಿ.ಎಸ್‌ಸಿ. ಮುಗಿಸಿದ್ದಾಳೆ. ಜಾಮ್ ಪರೀಕ್ಷೆ ಬರೆದಳು, ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಅಮೆರಿಕದ ಆಸೆಯಿಂದ ಜಿಆರ್‌ಇ ಬರೆದಳು, ಅಲ್ಲೂ ಅಷ್ಟಕ್ಕಷ್ಟೆ. "ಕಲ್ಲು ಮಣ್ಣು ಓದಿ ಏನು ಮಾಡ್ತಾಳೆ, ಬಿ.ಇಡಿ.ಗೆ ಸೇರಿಸಿ ಅಂತ ನೆಂಟರು ಹೇಳ್ತಾರೆ. ಅವಳು ಮನೆಯಲ್ಲಿ ಮಾತೇ ಕಡಿಮೆ ಮಾಡಿಬಿಟ್ಟಿದ್ದಾಳೆ. ಏನಾದರೂ ದಾರಿ ಇದೆಯೇ ಸಾರ್?" ಎಂದು ಕೇಳಿದ್ದಾರೆ.

ದಾರಿ ಇದೆ, ಒಂದಲ್ಲ ಮೂರು ನಾಲ್ಕು ಇವೆ. ಇಂಥ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಇರುವುದರಿಂದ ಇವತ್ತಿನ ಮಾತನ್ನು ಇದಕ್ಕೇ ಮೀಸಲಿಡುತ್ತೇನೆ.

ಮೊದಲಿಗೆ, ಈ ಪರೀಕ್ಷೆಗಳು ಏನನ್ನು ಅಳೆಯುತ್ತವೆ ಎಂಬುದನ್ನು ತಿಳಿಯೋಣ. ಜಾಮ್ ಎಂದರೆ ಐಐಟಿಗಳಲ್ಲಿ ಎಂ.ಎಸ್‌ಸಿ. ಸೇರಲು ಬರೆಯುವ ಪರೀಕ್ಷೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ ಭೂವಿಜ್ಞಾನಕ್ಕೆ ಬೇರೆಯೇ ಪತ್ರಿಕೆ ಇದೆ. ಮುಂಬಯಿ, ಖರಗ್‌ಪುರ, ರೂರ್ಕಿ, ಧನಬಾದ್ ಮುಂತಾದ ಕಡೆ ಇರುವುದು ಕೆಲವೇ ಸೀಟು, ಬರೆಯುವವರು ದೇಶದ ತುಂಬ. ಹಾಗಾಗಿ ಜಾಮ್‌ನಲ್ಲಿ ಸೀಟು ಸಿಗಲಿಲ್ಲ ಎಂದರೆ ಆ ವರ್ಷ ಆ ಸಾಲಿನಲ್ಲಿ ನೀವು ಹಿಂದೆ ನಿಂತಿದ್ದಿರಿ ಎಂದಷ್ಟೇ ಅರ್ಥ. ಭೂವಿಜ್ಞಾನ ನಿಮಗೆ ಒಗ್ಗದು ಎಂದು ಅರ್ಥವಲ್ಲ.

ಜಿಆರ್‌ಇಯ ಕಥೆ ಬೇರೆ. ಅದರಲ್ಲಿ ಭೂವಿಜ್ಞಾನದ ಒಂದು ಪ್ರಶ್ನೆಯೂ ಇರುವುದಿಲ್ಲ. ಇಂಗ್ಲಿಷ್ ಭಾಷೆ, ಶಾಲೆಯ ಮಟ್ಟದ ಗಣಿತ, ಒಂದು ಪ್ರಬಂಧ, ಇಷ್ಟೇ. 2011ರ ಆಗಸ್ಟ್‌ಗೆ ಮೊದಲು 200ರಿಂದ 800ರ ಅಳತೆಯಲ್ಲಿ ಅಂಕ ಕೊಡುತ್ತಿದ್ದರು, ಆಮೇಲೆ ಅದು 130ರಿಂದ 170 ಆಯಿತು. 2023ರ ಸೆಪ್ಟೆಂಬರಿನಿಂದ ಪರೀಕ್ಷೆಯನ್ನು ಎರಡು ಗಂಟೆಯೊಳಗೆ ಮುಗಿಯುವಷ್ಟು ಚಿಕ್ಕದು ಮಾಡಿದ್ದಾರೆ. ಕೇವಲ ಜಿಆರ್‌ಇ ಅಂಕ ನೋಡಿ ಯಾರನ್ನೂ ತಿರಸ್ಕರಿಸಬೇಡಿ ಎಂದು ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ವಿಶ್ವವಿದ್ಯಾಲಯಗಳಿಗೆ ಸಲಹೆ ಕೊಡುತ್ತದೆ.

2014ರಲ್ಲಿ ಕೇಸಿ ಮಿಲ್ಲರ್ ಮತ್ತು ಕೀವನ್ ಸ್ಟಾಸನ್ ಎಂಬ ಇಬ್ಬರು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಿದ್ಯಾರ್ಥಿ ಮುಂದೆ ಒಳ್ಳೆಯ ಸಂಶೋಧಕನಾಗುತ್ತಾನೋ ಇಲ್ಲವೋ ಎಂಬುದನ್ನು ಈ ಅಂಕ ಸರಿಯಾಗಿ ಹೇಳುವುದಿಲ್ಲ, ಮಹಿಳೆಯರಿಗೂ ಹಿಂದುಳಿದ ವರ್ಗಗಳಿಗೂ ಅದು ಅಡ್ಡಿಯಾಗುತ್ತಿದೆ ಎಂಬುದು ಅವರ ವಾದ. ಆ ಚರ್ಚೆ ಬೆಳೆಯಿತು. 2020ರ ಕೋವಿಡ್ ಕಾಲದಲ್ಲಿ ಪರೀಕ್ಷಾ ಕೇಂದ್ರಗಳೇ ಮುಚ್ಚಿದವು. ಈ ವರ್ಷಗಳಲ್ಲಿ ಅಮೆರಿಕದ ಎಷ್ಟೋ ಭೂವಿಜ್ಞಾನ ವಿಭಾಗಗಳು ಜಿಆರ್‌ಇ ಕಡ್ಡಾಯವನ್ನು ಕೈಬಿಟ್ಟವು. ಕೆಲವು ಕಡೆ ಅಂಕ ಕಳಿಸಿದರೂ ನೋಡುವುದಿಲ್ಲ, ಕೆಲವು ಕಡೆ ಬೇಕಿದ್ದರೆ ಕಳಿಸಿ ಎನ್ನುತ್ತಾರೆ, ಇನ್ನು ಕೆಲವು ಕಡೆ ಈಗಲೂ ಬೇಕು. ಈ ನಿಯಮ ವಿಶ್ವವಿದ್ಯಾಲಯದ್ದಲ್ಲ, ಬಹುಮಟ್ಟಿಗೆ ಆಯಾ ವಿಭಾಗದ್ದು. ಆದ್ದರಿಂದ ಪ್ರತಿ ವಿಭಾಗದ ಪ್ರವೇಶ ಪುಟವನ್ನೂ ಆ ವರ್ಷವೇ ಓದಬೇಕು. ಬೇಕಿದ್ದರೆ ಕಳಿಸಿ ಎಂದಿರುವ ಕಡೆ ಕಡಿಮೆ ಅಂಕವನ್ನು ಕಳಿಸಲೇಬೇಡಿ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ನಿಯಮವೇ ಹಾಗಿದೆ.

ಆದರೆ ಒಂದು ಮಾತು. 'ಕುಣಿಯಲಾರದವಳು ನೆಲ ಡೊಂಕು ಅಂದಳು' ಎಂಬ ಗಾದೆ ನಮಗೆ ಗೊತ್ತು. ಪರೀಕ್ಷೆಯೇ ಸರಿಯಿಲ್ಲ ಎಂದು ಕೂತರೆ ಯಾರಿಗೂ ಸೀಟು ಸಿಗುವುದಿಲ್ಲ. ಅಂಕ ಎಲ್ಲಿ ಕಡಿಮೆಯಾಯಿತು ಎಂದು ಬಿಡಿಸಿ ನೋಡಬೇಕು. ಅಂತರ್ಜಲ, ಭೂಭೌತವಿಜ್ಞಾನ ಓದುವ ಆಸೆಯಿದ್ದು ಗಣಿತದಲ್ಲಿ ಕಡಿಮೆ ಬಂದಿದ್ದರೆ ಅದು ನಿಜವಾದ ಕೊರತೆ. ಸಂಖ್ಯಾಶಾಸ್ತ್ರದ ಒಂದು ಕೋರ್ಸ್, ಜಿಐಎಸ್, ಸ್ವಲ್ಪ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತು ಆ ಕೊರತೆಯನ್ನು ತುಂಬಬೇಕು. ಇಂಗ್ಲಿಷ್ ಪದಗಳಲ್ಲಿ ಮಾತ್ರ ಕಡಿಮೆ ಬಂದಿದ್ದರೆ ಅಷ್ಟು ಚಿಂತೆ ಬೇಡ, ಐಇಎಲ್‌ಟಿಎಸ್ ಅಥವಾ ಟೋಫೆಲ್‌ನಲ್ಲಿ ಒಳ್ಳೆಯ ಅಂಕ ತೆಗೆದು ತೋರಿಸಬಹುದು.

ಈಗ ದಾರಿಗಳ ವಿಷಯಕ್ಕೆ ಬರೋಣ. ಮೂರು ವರ್ಷದ ಪದವಿಯವರಿಗೆ ನನ್ನ ಮೊದಲ ಸಲಹೆ, ಎಂ.ಎಸ್‌ಸಿ.ಯನ್ನು ಇಲ್ಲೇ ಮಾಡಿ. ಕಾರಣ ಎರಡು. ಅಮೆರಿಕದ ಅನೇಕ ವಿಭಾಗಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ, ಅಲ್ಲಿ ಜಿಆರ್‌ಇ ಚೆನ್ನಾಗಿದ್ದರೂ ಅರ್ಜಿ ನಿಲ್ಲಬಹುದು. ಎರಡನೆಯದಾಗಿ, ಎರಡು ವರ್ಷದ ಎಂ.ಎಸ್‌ಸಿ., ಅದರಲ್ಲೊಂದು ಒಳ್ಳೆಯ ಪ್ರಬಂಧ, ಕ್ಷೇತ್ರಕಾರ್ಯ ಇವೆಲ್ಲ ಸೇರಿದ ಮೇಲೆ ಇಪ್ಪತ್ತೊಂದನೇ ವಯಸ್ಸಿನಲ್ಲಿ ಬರೆದ ಒಂದು ಪರೀಕ್ಷೆಯ ಅಂಕವನ್ನು ಕೇಳುವವರು ಕಡಿಮೆ.

ಎಲ್ಲಿ ಮಾಡುವುದು? ಮೌದಾದವರಿಗೆ ಹತ್ತಿರದ್ದು 1923ರಲ್ಲಿ ಸ್ಥಾಪನೆಯಾದ ನಾಗಪುರ ವಿಶ್ವವಿದ್ಯಾಲಯ, ಈಗಿನ ಹೆಸರು ರಾಷ್ಟ್ರಸಂತ ತುಕಡೋಜಿ ಮಹಾರಾಜ್ ನಾಗಪುರ ವಿಶ್ವವಿದ್ಯಾಲಯ. ಅಲ್ಲಿ ಭೂವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ. ಕರ್ನಾಟಕಕ್ಕೆ ಬರುವುದಾದರೆ ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯ, ಕಡಲ ಭೂವಿಜ್ಞಾನ ಓದಬೇಕೆಂದರೆ ಮಂಗಳೂರು ವಿಶ್ವವಿದ್ಯಾಲಯ. ಇಲ್ಲೆಲ್ಲ ಜಾಮ್ ಬೇಕಿಲ್ಲ. ಪದವಿಯ ಅಂಕ ಅಥವಾ ರಾಜ್ಯದ, ವಿಶ್ವವಿದ್ಯಾಲಯದ ಪ್ರವೇಶ ಕ್ರಮ ನಡೆಯುತ್ತದೆ. ಹೊರನಾಡಿನಲ್ಲಿ ಓದಿದ ನಮ್ಮ ಮಕ್ಕಳು ಹೊರರಾಜ್ಯದವರ ಸೀಟು, ಶುಲ್ಕದ ನಿಯಮವನ್ನು ಪ್ರಕಟಣೆ ಬಂದ ದಿನವೇ ಓದಿಕೊಳ್ಳಬೇಕು, ಕೊನೆಯ ದಿನ ಓಡಾಡಬಾರದು.

ಇನ್ನೊಂದು ಬಾಗಿಲು ಸಿಯುಇಟಿ-ಪಿಜಿ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎಸ್‌ಸಿ.ಗೆ ಈ ಪರೀಕ್ಷೆ ಬಂದಿದೆ. ಕಲಬುರಗಿ ಹತ್ತಿರದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ, ನಮ್ಮ ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಭೂವಿಜ್ಞಾನವಿದೆ. ಜಾಮ್‌ಗೆ ಓದಿದ್ದು ಇದಕ್ಕೂ ಉಪಯೋಗಕ್ಕೆ ಬರುತ್ತದೆ, ವ್ಯರ್ಥವಾಗುವುದಿಲ್ಲ.

ನೆಂಟರ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. 1851ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ, ಕೇಂದ್ರ ಅಂತರ್ಜಲ ಮಂಡಳಿಗೆ ಭೂವಿಜ್ಞಾನಿಗಳನ್ನು ಆರಿಸುವುದು ಯುಪಿಎಸ್‌ಸಿ. ಪ್ರಾಥಮಿಕ ಪರೀಕ್ಷೆಗೆ 400 ಅಂಕ, ಮುಖ್ಯ ಪರೀಕ್ಷೆಗೆ 600, ಸಂದರ್ಶನಕ್ಕೆ 200. ಅದಕ್ಕೆ ಬೇಕಾದದ್ದು ಎಂ.ಎಸ್‌ಸಿ. ಪದವಿ. ಅದನ್ನು ಐಐಟಿಯಲ್ಲಿ ಮಾಡಿದಿರೋ ಧಾರವಾಡದಲ್ಲಿ ಮಾಡಿದಿರೋ, ಜಾಮ್‌ನಲ್ಲಿ ಎಷ್ಟು ಬಂತು ಎಂದು ಯಾರೂ ಕೇಳುವುದಿಲ್ಲ. ನಾಗಪುರವೇ ಈ ವಿದ್ಯೆಯ ಒಂದು ರಾಜಧಾನಿ ಎನ್ನಬಹುದು. ಭಾರತೀಯ ಗಣಿ ಬ್ಯೂರೋ, ಮ್ಯಾಂಗನೀಸ್ ತೆಗೆಯುವ ಮೊಯಿಲ್, ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಮೂರಕ್ಕೂ ಕೇಂದ್ರ ಕಚೇರಿ ಅಲ್ಲೇ ಇದೆ.

ಪಿಎಚ್.ಡಿ. ಮಾಡುವವರಿಗೆ ಗೇಟ್ ಇದೆ, ಅದರ ಅಂಕಕ್ಕೆ ಮೂರು ವರ್ಷ ಬೆಲೆ. ಸಿಎಸ್‌ಐಆರ್ ನೆಟ್‌ನಲ್ಲಿ ಭೂವಿಜ್ಞಾನಗಳ ಪತ್ರಿಕೆ ಇದೆ. 2024ರಿಂದ ನೆಟ್‌ನಲ್ಲಿ ಫೆಲೋಶಿಪ್ ಸಿಗದವರೂ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾಗುವ ವರ್ಗ ಬಂದಿದೆ. ಅಂಥವರಿಗೆ ಯುಜಿಸಿ ಹೇಳಿರುವ ಕ್ರಮದಲ್ಲಿ ಪರೀಕ್ಷೆಗೆ ಶೇಕಡಾ 70, ಸಂದರ್ಶನಕ್ಕೆ ಶೇಕಡಾ 30. ಆ ಮೂವತ್ತರಲ್ಲಿ ಮಾತಾಡಲು ಕೈಯಲ್ಲಿ ಏನಾದರೂ ಕೆಲಸ ಇರಬೇಕು.

ಆ ಕೆಲಸ ಯಾವುದು ಎಂದು ಕೇಳುತ್ತೀರಾ? ಇದು ಇವತ್ತಿನ ಮಾತಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಮೌದಾ ಇರುವುದು ಕನ್ಹಾನ್ ನದಿಯ ದಂಡೆಯಲ್ಲಿ. ಜಿಲ್ಲೆಯ ಪಶ್ಚಿಮಕ್ಕೆ ಹೋದರೆ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಗಟ್ಟಿಯಾದ ಡೆಕ್ಕನ್ ಟ್ರ್ಯಾಪ್ ಬಸಾಲ್ಟ್. ಪೂರ್ವಕ್ಕೆ, ಉತ್ತರಕ್ಕೆ ಅದಕ್ಕಿಂತ ಬಹಳ ಹಳೆಯ ನೈಸ್ ಮತ್ತು ಸೌಸರ್ ಶಿಲೆಗಳು. ನಡುವೆ ಕಲ್ಲಿದ್ದಲು ಅಡಗಿರುವ ಗೊಂಡ್ವಾನಾ ಪದರಗಳು. ಕಾಮ್ಠಿ ಊರಿನ ಹೆಸರನ್ನೇ ಅಲ್ಲಿನ ಮರಳುಗಲ್ಲಿನ ಪದರಕ್ಕೆ ಇಟ್ಟಿದ್ದಾರೆ. ರಾಮ್‌ಟೇಕ್ ಹತ್ತಿರದ ಮನ್ಸರ್, ಕಾಂದ್ರಿಗಳಲ್ಲಿ ಮ್ಯಾಂಗನೀಸ್ ಗಣಿಗಳಿವೆ. ಆ ಅದಿರಿನ ಜೊತೆ ಸಿಗುವ ಒಂದು ಶಿಲೆಗೆ ಫರ್ಮರ್ ಎಂಬ ಭೂವಿಜ್ಞಾನಿ ಗೊಂಡ ಜನರ ಹೆಸರಿನಿಂದ 'ಗೊಂಡೈಟ್' ಎಂದು ಕರೆದ, ಅದು ಪ್ರಪಂಚದ ಪಠ್ಯಪುಸ್ತಕಗಳಿಗೆ ಸೇರಿತು. ಬೇರೆಯವರು ವಿಮಾನ ಹತ್ತಿ ನೋಡಲು ಬರುವ ನೆಲ ನಿಮ್ಮ ಬಸ್ಸಿನ ದಾರಿಯಲ್ಲೇ ಇದೆ.

ಹತ್ತೊಂಬತ್ತನೇ ಶತಮಾನದಲ್ಲಿ ಸ್ಟೀಫನ್ ಹಿಸ್ಲಾಪ್ ಎಂಬ ಸ್ಕಾಟ್‌ಲೆಂಡಿನ ಪಾದ್ರಿ ನಾಗಪುರದಲ್ಲಿದ್ದ. ಅವನ ಉದ್ಯೋಗ ಧರ್ಮಪ್ರಚಾರ, ಶಾಲೆ. ಆದರೆ ಹೋದಲ್ಲೆಲ್ಲ ಕಲ್ಲು, ಪಳೆಯುಳಿಕೆ ನೋಡಿ ಬರೆದಿಟ್ಟ. ಜೊತೆಗಾರ ರಾಬರ್ಟ್ ಹಂಟರ್ ಜೊತೆ ಸೇರಿ ಬರೆದ ನಾಗಪುರ ಸೀಮೆಯ ಭೂವಿಜ್ಞಾನದ ಲೇಖನವನ್ನು ಲಂಡನ್ನಿನ ಭೂವೈಜ್ಞಾನಿಕ ಸಂಘದ ಪತ್ರಿಕೆ 1855ರಲ್ಲಿ ಪ್ರಕಟಿಸಿತು. 1863ರಲ್ಲಿ ಅವನು ನೀರಿನಲ್ಲಿ ಮುಳುಗಿ ತೀರಿಕೊಂಡ. ಅವನ ಕಾಲಕ್ಕೆ ಇಂಥ ಪರೀಕ್ಷೆಗಳು ಇರಲಿಲ್ಲ ನಿಜ. ಆದರೂ ಈ ವಿದ್ಯೆಯಲ್ಲಿ ನೋಡುವ ಕಣ್ಣಿಗೆ, ಬರೆದಿಡುವ ಕೈಗೆ ಎಷ್ಟು ಬೆಲೆ ಎಂಬುದಕ್ಕೆ ಅವನೇ ಸಾಕ್ಷಿ.

ನೀವೂ ಒಂದು ಸಣ್ಣ ಕೆಲಸ ಹಿಡಿಯಿರಿ. ನಿಮ್ಮೂರಿನ ಸುತ್ತ ಹತ್ತು ತೆರೆದ ಬಾವಿ ಆರಿಸಿ, ಮಾಲೀಕರ ಒಪ್ಪಿಗೆ ಕೇಳಿ. ತಿಂಗಳಿಗೊಂದು ಸಲ ದಡದಿಂದ ನೀರಿನ ಮಟ್ಟ ಎಷ್ಟು ಆಳದಲ್ಲಿದೆ ಎಂದು ಟೇಪಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ಬಾವಿ ಯಾವ ಕಲ್ಲಿನಲ್ಲಿ ತೋಡಿದ್ದು, ನದಿಯಿಂದ ಎಷ್ಟು ದೂರ ಎಂದೂ ಬರೆಯಿರಿ. ಮಳೆಗಾಲದ ಮುಂಚಿನದು, ಆಮೇಲಿನದು ಹೋಲಿಸಿ ಒಂದು ನಕ್ಷೆ ಮಾಡಿ, ಕೇಂದ್ರ ಅಂತರ್ಜಲ ಮಂಡಳಿಯ ವರದಿಯ ಪಕ್ಕದಲ್ಲಿಟ್ಟು ನೋಡಿ. ವರ್ಷ ತುಂಬುವಾಗ ನಿಮ್ಮ ಬಳಿ 120 ಅಳತೆಗಳಿರುತ್ತವೆ. ಖರ್ಚು ಬಸ್ ಚಾರ್ಜು ಮಾತ್ರ. ಒಂಟಿಯಾಗಿ ಹೋಗಬೇಡಿ, ಗಣಿಯೊಳಗೆ, ಸ್ಥಾವರದ ಜಾಗದಲ್ಲಿ ಅನುಮತಿಯಿಲ್ಲದೆ ಕಾಲಿಡಬೇಡಿ.

ಈ ನೋಟ್‌ಬುಕ್ಕೇ ನಿಮ್ಮ ಅರ್ಜಿಯ ಜೀವಾಳ. ವಿದೇಶದ ಪ್ರಾಧ್ಯಾಪಕರಿಗೆ ಬರೆಯುವಾಗ ಪತ್ರ ಹತ್ತು ಸಾಲು ಮೀರದಿರಲಿ. ಅವರ ಒಂದೆರಡು ಲೇಖನ ಓದಿ, ನಿಮ್ಮ ಬಾವಿಗಳ ಲೆಕ್ಕಕ್ಕೂ ಅವರ ಕೆಲಸಕ್ಕೂ ಏನು ಸಂಬಂಧ ಎಂದು ಬರೆದು, ಮುಂದಿನ ವರ್ಷ ವಿದ್ಯಾರ್ಥಿಯನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ನೂರು ಜನರಿಗೆ ಒಂದೇ ಪತ್ರ ಕಳಿಸುವುದಕ್ಕಿಂತ ಎಂಟು ಜನರಿಗೆ ಎಂಟು ಪತ್ರ ಮೇಲು. ಉದ್ದೇಶ ಪತ್ರದಲ್ಲಿ ಕಡಿಮೆ ಅಂಕದ ಬಗ್ಗೆ ಗೋಳು ಬೇಡ. ಅಂಕ ಕೇಳುವ ಕಡೆ ಎರಡು ವಾಕ್ಯ ಸಾಕು, ಮೂರನೆಯ ವಾಕ್ಯ ನೀವು ಮಾಡಿದ ಕೆಲಸದ ಬಗ್ಗೆ ಇರಲಿ. ಶಿಫಾರಸು ಪತ್ರ ಬರೆಯುವ ಮೇಷ್ಟರಿಗೆ ನಿಮ್ಮ ನಕ್ಷೆಯ ಪ್ರತಿ ಕೊಡಿ. 'ಒಳ್ಳೆಯ ಹುಡುಗಿ' ಎಂದಷ್ಟೇ ಬರೆದರೆ ಯಾರಿಗೂ ನಾಟುವುದಿಲ್ಲ. ಕ್ಷೇತ್ರದಲ್ಲಿ ನಿಮ್ಮನ್ನು ನೋಡಿದವರು ಬರೆದರೆ ಅದಕ್ಕೆ ತೂಕ.

ಹಣದ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅಮೆರಿಕದಲ್ಲಿ ಪಿಎಚ್.ಡಿ.ಗೆ ಸಾಮಾನ್ಯವಾಗಿ ಬೋಧನಾ ಅಥವಾ ಸಂಶೋಧನಾ ಸಹಾಯಕ ಕೆಲಸ ಕೊಟ್ಟು ಖರ್ಚು ನೋಡಿಕೊಳ್ಳುತ್ತಾರೆ. ಎಂ.ಎಸ್.ಗೆ ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ. ಸೀಟು ಇದೆ, ಹಣ ಇಲ್ಲ ಎಂಬ ಪತ್ರ ಬಂದರೆ ಮನೆ ಅಡವಿಟ್ಟು ಸಾಲ ಮಾಡಬೇಡಿ, ಮುಂದಿನ ವರ್ಷ ಮತ್ತೆ ಹಾಕಿ. ಕೆನಡಾದಲ್ಲಿ ಹೆಚ್ಚಿನ ವಿಭಾಗಗಳು ಜಿಆರ್‌ಇ ಕೇಳುವುದಿಲ್ಲ, ಮಾರ್ಗದರ್ಶಕರು ಮೊದಲೇ ಒಪ್ಪಿರಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹಳ ಕಡೆ ಬೋಧನಾ ಶುಲ್ಕವಿಲ್ಲ. 1765ರಲ್ಲಿ ಗಣಿ ವಿದ್ಯೆಗೆಂದೇ ಹುಟ್ಟಿದ ಫ್ರೈಬರ್ಗ್ ಅಕಾಡೆಮಿ ಅಲ್ಲೇ ಇದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ 2017ರಿಂದ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇಟ್ಟಿದ್ದಾರೆ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಕೊನೆಗೆ ಒಂದು ಕ್ಯಾಲೆಂಡರು ಹೇಳಿ ಮುಗಿಸುತ್ತೇನೆ, ಗೋಡೆಗೆ ಅಂಟಿಸಿಕೊಳ್ಳಿ. ಪದವಿ ಫಲಿತಾಂಶ ಬರುತ್ತಿದ್ದಂತೆ ರಾಜ್ಯ ವಿಶ್ವವಿದ್ಯಾಲಯಗಳ ಪ್ರಕಟಣೆ ನೋಡಿ. ಆಗಸ್ಟ್ ಸೆಪ್ಟೆಂಬರಿನಲ್ಲಿ ಗೇಟ್, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಜಾಮ್ ನೋಂದಣಿ. ಅಮೆರಿಕದ ಪ್ರಾಧ್ಯಾಪಕರಿಗೆ ಪತ್ರ ಬರೆಯುವುದೂ ಅದೇ ತಿಂಗಳುಗಳಲ್ಲಿ, ಅರ್ಜಿಯ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್, ಜನವರಿ. ಫೆಬ್ರವರಿಯಲ್ಲಿ ಜಾಮ್, ಗೇಟ್ ಪರೀಕ್ಷೆ, ಆಮೇಲೆ ಸಿಯುಇಟಿ. ದಿನಾಂಕಗಳು ವರ್ಷ ವರ್ಷ ಸ್ವಲ್ಪ ಹಿಂದೆ ಮುಂದೆ ಆಗುತ್ತವೆ, ಆಯಾ ಪ್ರಕಟಣೆಯನ್ನೇ ನಂಬಿ. ಬಾವಿಯ ಅಳತೆಗೆ ಮಾತ್ರ ಯಾವ ಪ್ರಕಟಣೆಯೂ ಬೇಡ, ಈ ಭಾನುವಾರವೇ ಶುರುಮಾಡಬಹುದು.

ಇನ್ನೂ ಪ್ರಶ್ನೆಗಳಿದ್ದರೆ ನಮ್ಮ ಕಾರ್ಯಕ್ರಮಕ್ಕೆ ಪತ್ರ ಬರೆಯಿರಿ.